ತಾರಸಿಯ ಮೇಲೆ ಮೂರು ಚಂದ್ರ

ನನ್ನ ಕಣ್ಣಿನ ಮೇಲೆ ನನ್ನ ಹೆಂಡತಿ ಕನೀಜ್‌ಗೆ ಕಣ್ಣು. ಒಂದು ಸಲ, ಒಂದೇ ಒಂದು ಸಲ, ಆರ್.ಟಿ. ನಗರದ ಬಸ್ಸೆಂದು ಹತ್ತಿ ಹುಣಸಮಾರನಹಳ್ಳಿಯಲ್ಲಿ ಇಳಿದೆ. ಅಂದಿನಿಂದ ಕನ್ನಡಕದ ಜಪ ಶುರುವಾಯಿತು. ಕನ್ನಡಕ ಏರಿಸಿದ ದಿನವೇ ಗಂಡಸು ತಾತನಾಗುತ್ತಾನೆಂಬುದು ನನ್ನ ಸಿದ್ಧಾಂತ. (ನಮ್ಮ ಮನೆಮಾತು ದಖನಿ. ಜಗಳ ಮಾತ್ರ ಕನ್ನಡದಲ್ಲಿ, ಕೆಳಗಿರುವ ಓನರ್ ಲಕ್ಕಣ್ಣನವರಿಗೂ ಅರ್ಥವಾಗಲೆಂದು.)

ಅವತ್ತು ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ. ಚಂದ್ರ ಕಂಡರೆ ನಾಳೆ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ. ಕನೀಜ್ ಪಂಥ ಕಟ್ಟಿದಳು.

"ಚಂದ್ರನ್ನ ನೀವೇ ಮೊದ್ಲು ತೋರಿಸ್ಬಿಡಿ, ಕನ್ನಡಕದ ಮಾತೇ ಎತ್ತಲ್ಲ. ಇಲ್ದಿದ್ರೆ ಹಬ್ಬ ಮುಗಿದ್ಮೇಲೆ ಸೀದಾ ಕಣ್ ಡಾಕ್ಟ್ರ ಹತ್ರ!"

ತಾರಸಿಗೆ ದಂಡಯಾತ್ರೆ ಹೊರಟೆ. ಹಿಂದೆ ಪಕ್ಕದ ಮನೆಯ ಜಾಫರ್, ನನ್ನ ತಂಗಿ ಜಹೀರಾ, ಅವರ ಹಿಂದೆ ಲಕ್ಕಣ್ಣ.

"ಚೌತಿ ಚಂದ್ರನ್ನ ನೋಡಿದ್ರೆ ಅಪವಾದ ಬತ್ತದೆ ಅಂತ ನಾವು ತಲೆ ಎತ್ತಾಕಿಲ್ಲ. ನೀವು ಕತ್ತು ನೋಯಂಗೆ ಉಡುಕ್ತೀರಲ್ಲ ಸಾಬ್ರೇ!" ಎಂದರು ಲಕ್ಕಣ್ಣ.

ನಿಮಿಷವಾಗಿರಲಿಲ್ಲ. ಟಿ.ವಿ. ಆಂಟೆನಾ ಪಕ್ಕದಲ್ಲೇ ತೆಳ್ಳಗೆ, ಬೆಳ್ಳಗೆ ಬಾಗಿದ ಗೆರೆ! "ಕಂಡ!" ಎಂದು ಕೂಗಿದೆ.

"ನಂಗೂ ಕಂಡ," ಎಂದ ಜಾಫರ್, ತೆಂಗಿನ ಮರದ ಕಡೆ ನೋಡುತ್ತಾ.

"ಎಷ್ಟ್ ಚೆನ್ನಾಗಿದಾನೆ!" ಎಂದಳು ಜಹೀರಾ, ನೀರಿನ ಟ್ಯಾಂಕಿನ ಕಡೆ ನೋಡುತ್ತಾ.

ಕನೀಜ್ ಸೌಟು ಹಿಡಿದೇ ಮೇಲೆ ಬಂದಳು. "ಕೊಂಬು ಯಾವ ಕಡೆಗಿದೆ?"

"ಮೇಲಕ್ಕೆ," ಎಂದೆ ನಾನು. "ಬಲಕ್ಕೆ," ಎಂದ ಜಾಫರ್. "ಎಡಕ್ಕೆ ಭಾಬಿ," ಎಂದಳು ಜಹೀರಾ. (ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಾನಂತೂ ಆಣೆ ಇಡಲು ತಯಾರಿದ್ದೆ.)

ಕನೀಜ್ ನನ್ನ ಚಂದ್ರನನ್ನು ದಿಟ್ಟಿಸಿದಳು. "ರೀ, ಅದು ಆಂಟೆನಾಗೆ ಸಿಕ್ಕೊಂಡಿರೋ ಗಾಳಿಪಟದ ಬಾಲ." ಆಮೇಲೆ ಸೌಟನ್ನು ಬೇವಿನ ಮರದತ್ತ ಚಾಚಿದಳು. "ಅಗೋ, ನಿಜವಾದ ಚಂದ್ರ ಅಲ್ಲಿದಾನೆ!"

"ಹೌದ್ಹೌದು!" ಮೂವರು ಸಾಕ್ಷಿಗಳೂ ಒಂದಾದೆವು. "ಎರಡು ಕೊಂಬೂ ಕಾಣ್ತಿವೆ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

"ಅಲ್ಲಿ ಏನೂ ಇಲ್ಲ," ಎಂದಳು ಕನೀಜ್.

ಅಷ್ಟರಲ್ಲಿ ಮಸೀದಿಯ ಮೈಕು ಸಾರಿತು: ಚಂದ್ರ ಕಂಡಿದ್ದಾನೆ, ನಾಳೆ ಹಬ್ಬ! ನಾನು ಎದೆಯುಬ್ಬಿಸಿದೆ. "ನೋಡಿದ್ಯಾ, ನಾನ್ ಹೇಳಿದ್ದೇ ನಿಜ!"

"ಚಂದ್ರ ಕಂಡಿದ್ದು ನಿಜ ಕಣ್ರೀ. ನಿಮಗೆ ಕಂಡಿದ್ದಲ್ಲ," ಎಂದು ನಕ್ಕು, ಹಾಲು ಕಾಯಿಸಲು ಇಳಿದುಹೋದಳು. ಆ ನಗುವಿಗೆ ನಾನು ಮದುವೆಯಾದಾಗಿನಿಂದ ಸೋಲುತ್ತಲೇ ಬಂದಿದ್ದೇನೆ.

ಹಬ್ಬದ ದಿನ ಲಕ್ಕಣ್ಣ ಶೀರ್ ಖುರ್ಮಾ ಚಪ್ಪರಿಸುತ್ತಾ, "ನೋಡಿದೋರ್ಗೆ ಅಪವಾದ ಬತ್ತದೆ. ನೀವು ನೋಡ್ದೇನೇ ತಂದ್ಕಂಡ್ರಲ್ಲ!" ಎಂದರು.

ಕನ್ನಡಕ ಬಂತು. ಮೊದಲ ಕೆಲಸವಾಗಿ ತಾರಸಿ ಹತ್ತಿ ಆಂಟೆನಾ ನೋಡಿದೆ. ಗಾಳಿಪಟವೂ ಅಲ್ಲ, ಬಾಲವೂ ಅಲ್ಲ. ಲಕ್ಕಣ್ಣನವರ ಹರಿದ ಬನಿಯನ್ನಿನ ಪಟ್ಟಿ! ಕನೀಜ್ ಕಣ್ಣೂ ತಪ್ಪಿತ್ತು! ಓಡಿಬಂದು ವಿಜಯ ಘೋಷಿಸಿದೆ.

ಅವಳು ಆರಿಸುತ್ತಿದ್ದ ಅಕ್ಕಿಯಿಂದ ತಲೆ ಎತ್ತಲೂ ಇಲ್ಲ.

"ನಂಬರ್ ಸರಿಯಾಗಿ ಕೊಟ್ಟಿಲ್ಲ ಅನ್ಸುತ್ತೆ. ನಾಳೆ ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗ್ಬನ್ನಿ."