ಉಗಿ ಉಳಿಸಲು ಹೋದವನ ಗೊಂದಲಗಳು

ಕಾರ್ಖಾನೆಯ ಬಾಯ್ಲರ್‌ನಿಂದ ಹೊರಟ ಉಗಿ ಎಲ್ಲೆಲ್ಲಿ ಸೋರಿ ಪೋಲಾಗುತ್ತಿದೆ ಎಂದು ಹುಡುಕಿ ಹೇಳುವುದು ನನ್ನ ಕೆಲಸ. ಮನೆ ಬೊರಿವಲಿಯಲ್ಲಿ, ಕೆಲಸ ಮುಂಬಯಿಯ ಯಾವ ಮೂಲೆಯಲ್ಲಾದರೂ. ಇಷ್ಟು ವರ್ಷದಲ್ಲಿ ಕಂಡದ್ದೇನೆಂದರೆ, ಉಗಿಗಿಂತ ಹೆಚ್ಚು ಸೋರುವುದು ಮಾತು. ನಾನೊಂದು ಹೇಳುತ್ತೇನೆ, ಅವರೊಂದು ತಿಳಿಯುತ್ತಾರೆ, ಕೊನೆಗೆ ಏನು ಹೇಳಲು ಹೊರಟಿದ್ದೆ ಎಂದು ನನಗೇ ತಿಳಿಯುವುದಿಲ್ಲ.

ಹೆಣ್ಣು ನೋಡಲು ಹೋದಾಗ

ಮಾಟುಂಗದಲ್ಲಿ ಮೈಸೂರು ಕಡೆಯವರ ಮನೆ. ಉಪ್ಪಿಟ್ಟು ಬಂತು, ಕಾಫಿ ಬಂತು. ಹುಡುಗಿಯ ಅಜ್ಜನಿಗೆ ಕಿವಿ ಸ್ವಲ್ಪ ಮಂದ. "ಏನು ಕೆಲಸಪ್ಪ ನಿಂದು?" ಎಂದರು.

ಸ್ಟೀಮ್ ಎನ್ನದೆ ಶುದ್ಧ ಕನ್ನಡದಲ್ಲಿ ಉಗಿ ಎಂದೇ ಹೇಳಿ ಮೆಚ್ಚಿಸೋಣ ಎಂದುಕೊಂಡು, "ಫ್ಯಾಕ್ಟರಿಯೊಳಗ ಎಲ್ಲಂದರಲ್ಲಿ ಉಗಿ ಹೋಗದಂಗ ನೋಡ್ಕೋತೀನ್ರಿ ಅಜ್ಜಾರ" ಎಂದೆ.

"ಒಳ್ಳೇ ಕೆಲಸ. ನಮ್ಮ ಬಿಲ್ಡಿಂಗ್ ಮೆಟ್ಟಿಲ ಮೇಲೂ ಪಾನ್ ತಿಂದು ಎಲ್ಲೆಂದರಲ್ಲಿ ಉಗೀತಾರೆ."

"ಅದಲ್ಲರಿ, ಇದು ಪೈಪಿನೊಳಗ."

"ಪೈಪಿನೊಳಗೂ ಉಗೀತಾರಾ? ಛೆ."

ಸಂಬಂಧವೇನೋ ಕುದುರಿತು. ಈಗಲೂ ಆ ಕಡೆಯ ಮದುವೆಗಳಲ್ಲಿ ಯಾರಾದರೂ ಪಾನ್ ಬಾಯಿಗೆ ಹಾಕಿಕೊಂಡರೆ, ಅಜ್ಜ ನನ್ನ ಕಡೆ ನೋಡಿ ಅವರನ್ನು ಕಣ್ಣಲ್ಲೇ ತೋರಿಸುತ್ತಾರೆ.

ಟ್ರ್ಯಾಪ್

ಪೈಪಿನಲ್ಲಿ ಕೂಡಿದ ನೀರನ್ನು ಹೊರಗೆ ಬಿಟ್ಟು ಉಗಿಯನ್ನು ಒಳಗೇ ಹಿಡಿದಿಡುವ ಒಂದು ಸಾಧನವಿದೆ. ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಸಾಸ್ ತಯಾರಿಸುವ ಒಂದು ಕಾರ್ಖಾನೆಗೆ ಫೋನ್ ಮಾಡಿ, ಅಲ್ಲಿನ ಆಫೀಸಿನ ಮೇಡಮ್ಮನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ, "ನಿಮ್ಮ ಟ್ರ್ಯಾಪ್‌ಗಳು ಕೆಲಸ ಮಾಡುತ್ತಿವೆಯೇ?"

"ಚೆನ್ನಾಗಿ. ನಿನ್ನೆ ತಾನೇ ಒಂದು ಬಿತ್ತು."

"ಬಿತ್ತೇ? ಹಾಗಾದರೆ ಬದಲಿಸಬೇಕು."

"ಬದಲಿಸುವುದೇಕೆ? ದೂರ ಒಯ್ದು ಬಿಟ್ಟುಬಂದೆವು."

ಟ್ರ್ಯಾಪನ್ನು ದೂರ ಒಯ್ದು ಬಿಟ್ಟುಬರುವವರನ್ನು ನಾನು ಕಂಡಿರಲಿಲ್ಲ. ಮರುದಿನ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುವಾಗಲೂ ಅದೇ ಯೋಚನೆ. ಅಲ್ಲಿ ಮೇಡಮ್ ನನ್ನನ್ನು ನೇರ ಗೋದಾಮಿಗೆ ಕರೆದೊಯ್ದು ಸಾಲಾಗಿ ಇಟ್ಟಿದ್ದ ಇಲಿಬೋನುಗಳನ್ನು ತೋರಿಸಿದರು. ಒಂದೊಂದರಲ್ಲೂ ಒಂದು ತುಂಡು ಭಜಿ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ, "ಭಜಿ ತಾಜಾ ಇದೆ ಸರ್, ಬೆಳಿಗ್ಗೆಯದೇ" ಎಂದರು.

ಗೋಡೆಯೊಳಗಿನ ಸದ್ದು

ದಹಿಸರ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಮಾಲೀಕರು ಬೆಳಗಾವಿಯವರು. "ಹೋದ ಸಲ ಬಂದಾವ ಏನೂ ಹುಡುಕಿ ಕೊಡಲಿಲ್ಲ, ಈ ಸಲ ನೀವರ ಹುಡುಕ್ರಿ" ಎಂದಿದ್ದರು. ಹೇಗಾದರೂ ಹೆಸರು ಉಳಿಸಿಕೊಳ್ಳಬೇಕು. ಸೋರಿಕೆಯ ಸಣ್ಣ ಸದ್ದನ್ನೂ ದೊಡ್ಡದಾಗಿ ಕೇಳಿಸುವ ಯಂತ್ರವೊಂದು ನನ್ನ ಬಳಿ ಇದೆ. ಅದನ್ನು ಕಿವಿಗೆ ಹಾಕಿಕೊಂಡು ಸುತ್ತಿದೆ. ಹಿಂದಿನ ಗೋಡೆಯ ಹತ್ತಿರ ಬಂದಾಗ ಜೋರಾಗಿ ಸುಯ್ಯೆಂದಿತು.

"ಸಿಕ್ಕಿತು, ಗೋಡೆಯೊಳಗ ಪೈಪ್ ಒಡದೈತಿ" ಎಂದೆ.

"ಅಲ್ಲಿ ಪೈಪೇ ಇಲ್ಲಲ್ರಿ" ಎಂದರು ಮಾಲೀಕರು.

"ಹಳೇದು ಯಾವುದರ ಇರಬೇಕು. ಬಾಯ್ಲರ್ ಬಂದ್ ಮಾಡ್ಸ್ರಿ, ಸದ್ದು ನಿಂತರ ಖಾತ್ರಿ."

ಬಾಯ್ಲರ್ ಬಂದ್ ಆಯಿತು. ಒಂದೊಂದಾಗಿ ಮಷಿನ್‌ಗಳೂ ನಿಂತವು. ಸದ್ದು ಮಾತ್ರ ನಿಲ್ಲಲಿಲ್ಲ. ಬಾಯ್ಲರ್ ಇಲ್ಲದೆ ಉಗಿ ಎಲ್ಲಿಂದ ಬಂತು? ಗೋಡೆಯ ಹತ್ತಿರ ಹೋಗಿ ಮತ್ತೊಮ್ಮೆ ಕೇಳಿದೆ. ಮಾಲೀಕರೂ ಯಂತ್ರವನ್ನು ಕಿವಿಗೆ ಹಾಕಿಕೊಂಡು ಕೇಳಿದರು. ಅವರೂ ಗಾಬರಿಯಾದರು. ಇಬ್ಬರೂ ಗೋಡೆ ಸುತ್ತಿಕೊಂಡು ಆಚೆ ಹೋದೆವು.

ಆಚೆ ಕ್ಯಾಂಟೀನ್. ಉಡುಪಿ ಕಡೆಯ ಭಟ್ಟರು ಗ್ಯಾಸ್ ಒಲೆಯ ಮೇಲೆ ದೊಡ್ಡ ಇಡ್ಲಿ ಪಾತ್ರೆ ಇಟ್ಟಿದ್ದರು. ಮುಚ್ಚಳದ ಸಂದಿನಿಂದ ಉಗಿ ಸುಯ್ಯೆನ್ನುತ್ತಿತ್ತು.

"ಇದು ಲೀಕ್ ಆಗ್ತದಲ್ಲ ಭಟ್ಟರೇ" ಎಂದೆ, ಬೇರೇನೂ ತೋಚದೆ.

"ಆಗ್ಲಿ ಮಾರಾಯ್ರೆ, ಪೂರ್ತಿ ಮುಚ್ಚಿದ್ರೆ ನೀರು ಬಿದ್ದು ಇಡ್ಲಿ ಹಾಳಾಗ್ತದೆ" ಎಂದರು ಭಟ್ಟರು.

ಮಷಿನ್ ನಿಂತದ್ದರಿಂದ ಕೆಲಸಗಾರರೆಲ್ಲ ಒಬ್ಬೊಬ್ಬರಾಗಿ ಬಂದು ಬೆಂಚಿನ ಮೇಲೆ ಕೂತು ಇಡ್ಲಿ ಕೇಳತೊಡಗಿದರು. ಮಾಲೀಕರು ಅವರನ್ನು ನೋಡಿದರು, ತಣ್ಣಗಾದ ಬಾಯ್ಲರ್ ಕಡೆ ನೋಡಿದರು, ಆಮೇಲೆ ನನ್ನನ್ನು ಕೇಳಿದರು:

"ಇಂಧನ ಉಳಿತಾಯ ಅಂದ್ರ ಇದ ಏನ್ರಿ? ಹಂಗಾರ ನಮಗೂ ಎರಡು ಪ್ಲೇಟ್ ಹೇಳ್ರಿ."