ಏನೂ ತಿಳಿಯದವರು ಬೇಕಾಗಿದ್ದಾರೆ

ಹೊಲಿಗೆ ಅಂಗಡಿಗೆ ಬಂದವರೆಲ್ಲ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅಂಥವನಿಗೆ ಸ್ವಂತ ಮನೆಯಲ್ಲಿ, ಕೈಹಿಡಿದ ಹೆಂಡತಿಯ ಬಾಯಿಂದಲೇ 'ಏನೂ ತಿಳಿಯದವರು' ಎಂಬ ಬಿರುದು ದೊರೆತರೆ ಚುರುಕ್ಕೆನ್ನದೆ ಇರುತ್ತದೆಯೇ?

ಇದಕ್ಕೆಲ್ಲ ಮೂಲ, ಮಗಳ ಟೀಚರ್ ಕೊಟ್ಟ ಒಂದು ಹಾಳೆ. ಹನ್ನೆರಡನೆಯ ತರಗತಿಯ ಮಗಳ ಅಂಕಗಳು ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡರಲ್ಲೂ ನೆಲಕಚ್ಚಿದ್ದವು. ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಇದೇ ಕಥೆಯಾದರೆ ಹಾಲ್ ಟಿಕೆಟ್ ಕೊಡುವುದಿಲ್ಲವೆಂದು ಹೇಳಿ, ಓದುವ ಕ್ರಮವನ್ನು ಬರೆದು ಕಳಿಸಿದ್ದರು. ಚಿತ್ರಗಳನ್ನು ನೋಡಿದರೆ ಸಾಲದು, ಕೈಯಾರೆ ಬಿಡಿಸಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬರೆಯಬೇಕು. ಅಲ್ಲಿಯವರೆಗೆ ಮಾಸ್ಟರನಿಗೆ ಯಾವ ಅಭ್ಯಂತರವೂ ಇರಲಿಲ್ಲ. ಕುತ್ತಿಗೆಗೆ ಬಂದದ್ದು ಕೊನೆಯ ಸಾಲು: ಓದಿದ್ದನ್ನು, ವಿಷಯದ ಗಂಧಗಾಳಿಯಿಲ್ಲದ ಒಬ್ಬರಿಗೆ ವಿವರಿಸಿ; ಅವರಿಗೆ ತಿಳಿದರೆ ನಿಮಗೂ ತಿಳಿದಂತೆ.

"ಅಂಥವರನ್ನ ಎಲ್ಲಿ ಹುಡುಕೋದಮ್ಮ?" ಎಂದಳು ಮಗಳು.

ತಾಯಿ ಅಂಗಿಯ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ಹುಡುಕೋದ್ಯಾಕೆ, ಮನೇಲೇ ಇದಾರಲ್ಲ."

ತಾನೂ ಹತ್ತನೆಯ ತರಗತಿಯವರೆಗೆ ಓದಿದವನೆಂದು ಮಾಸ್ಟರ್ ನೆನಪಿಸಿದ. (ಹತ್ತನೆಯದನ್ನು ಎಷ್ಟು ಸಲ ಎಂಬುದನ್ನು ಹೆಂಡತಿ ನೆನಪಿಸಿದಳು.) ನೇಮಕಾತಿ ಅಲ್ಲಿಗೆ ಖಾಯಂ ಆಯಿತು.

ಅಂದಿನಿಂದ ಪ್ರತಿ ಮಧ್ಯಾಹ್ನ ಮಗಳು ಅಂಗಡಿಯಲ್ಲಿ ಸ್ಟೂಲ್ ಎಳೆದುಕೊಂಡು ಹೊಲಿಗೆಯಂತ್ರದ ಎದುರು ಕೂರತೊಡಗಿದಳು. ಮಾಸ್ಟರನ ಕಣ್ಣು ವಕೀಲರ ಕರಿಕೋಟಿನ ಮೇಲೆ, ಕಾಲು ಪೆಡಲಿನ ಮೇಲೆ, ಮನಸ್ಸು ಮಾತ್ರ ಪಾಠದ ಮೇಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ "ತಿಳೀತು" ಎನ್ನುತ್ತಿದ್ದ. ಜೀವಕೋಶ ಒಡೆದು ಎರಡಾಯಿತೇ, ತಿಳೀತು. ಆಮ್ಲ ಪ್ರತ್ಯಾಮ್ಲ ಸೇರಿ ಉಪ್ಪಾಯಿತೇ, ತಿಳೀತು. ಮಗಳು ಹುರುಪಿನಿಂದ ದಿನಕ್ಕೆರಡು ಪಾಠ ಮುಗಿಸಿದಳು. ತರಗತಿಯ ಕಿರುಪರೀಕ್ಷೆಯಲ್ಲಿ ಎಪ್ಪತ್ತಕ್ಕೆ ಇಪ್ಪತ್ತಾರು ಬಂತು.

ಅವಳು ಅಳಲಿಲ್ಲ, ರೇಗಲಿಲ್ಲ. ಕೆಳಗೆ ಬಿದ್ದಿದ್ದ ಲೈನಿಂಗ್ ಬಟ್ಟೆಯ ಚೂರೊಂದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, "ಅಪ್ಪಂಗೆ ಎಲ್ಲಾ ತಿಳೀತು ಅಂದುಕೊಂಡೆ" ಎಂದಳು.

"ಅದು ತಿಳೀತು ಅಲ್ಲ ಕಣೇ," ಎಂದಳು ತಾಯಿ. "ಗಿರಾಕಿಗಳಿಗೆ ಇಪ್ಪತ್ತು ವರ್ಷದಿಂದ ನಾಳೆ ರೆಡಿ ಅಂತಾರಲ್ಲ, ಅದು."

ಆ ಮಾತು ನಾಟಿತು. ಇನ್ನು ಮೇಲೆ ಸತ್ಯವನ್ನೇ ನುಡಿಯುತ್ತೇನೆಂದು ಮಾಸ್ಟರ್ ವ್ರತ ತೊಟ್ಟ. ಸತ್ಯವೆಂದರೆ ಒಂದೇ: "ತಿಳೀಲಿಲ್ಲ." ಮಗಳು ಮತ್ತೆ ಹೇಳುವಳು, ಅವನಿಗೆ ಮತ್ತೆ ತಿಳಿಯದು. ಮೂರನೆಯ ಸಲ ಹೇಳುವಾಗ, ತನಗೇ ತಿಳಿದಿಲ್ಲವೆಂದು ಗೊತ್ತಾಗಿ ಅವಳು ಪುಸ್ತಕಕ್ಕೆ ಓಡುವಳು. ರಾಸಾಯನಿಕ ಸಮೀಕರಣ ಅವನ ತಲೆಗೆ ಹತ್ತಿದ್ದು, ಈ ಕಡೆ ಎಷ್ಟು ಗುಂಡಿಯೋ ಆ ಕಡೆ ಅಷ್ಟೇ ಕಾಜಾ ಎಂದು ಅವಳು ಅಂಗಿ ಹರಡಿ ತೋರಿಸಿದ ಮೇಲೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಹೃದಯವನ್ನು ಬಿಡಿಸಿದಳು.

"ಎಡಗಡೆ ಅಂತೀಯ, ಬಲಗಡೆ ಬರೀತೀಯ. ತಿಳೀಲಿಲ್ಲ."

"ಎದುರಿಗೆ ನಿಂತವರ ಎದೆ ಅಪ್ಪ ಇದು. ಅವರ ಎಡ, ನಮ್ಮ ಬಲ."

ಇದೊಂದು ಅವನ ತಲೆಯೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ. ಸ್ನಾನಕ್ಕೆ ಹೋದರೂ ಅದೇ, ಊಟಕ್ಕೆ ಕೂತರೂ ಅದೇ. ಅಳತೆಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಅಳತೆಪಟ್ಟಿಯನ್ನೇ ಹುಡುಕಿದ. ನಿದ್ದೆಯಲ್ಲೂ ಕಾಲು ಪೆಡಲ್ ತುಳಿಯುತ್ತದೆಂದು ಹೆಂಡತಿ ದೂರಿದಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡೂ ವಿಷಯಗಳಲ್ಲಿ ಎಪ್ಪತ್ತಕ್ಕೆ ಐವತ್ತೆಂಟು ಬಂತು. ಹಾಲ್ ಟಿಕೆಟ್ ಖಾತ್ರಿಯಾಯಿತು. ಇನ್ನುಳಿದದ್ದು ಕೊನೆಯ ಪರೀಕ್ಷೆ. ಮರುದಿನ ಮಾಸ್ಟರ್ ಹೊತ್ತಿಗೆ ಮುಂಚೆಯೇ ಸಿದ್ಧನಾಗಿ ಕೂತ. ಮಗಳು ಒಂದು ಪದ ಎತ್ತಿದರೆ ಅವನು ನಾಲ್ಕು ಪದ ಸೇರಿಸಿ ಮುಗಿಸುತ್ತಿದ್ದ. ಅವಳು ಪುಸ್ತಕ ಮುಚ್ಚಿದಳು.

"ಅಪ್ಪ, ನಿಂಗೀಗ ತಿಳಿದುಬಿಟ್ಟಿದೆ. ಇನ್ನು ನಿಂಗೆ ಹೇಳಿ ಪ್ರಯೋಜನ ಇಲ್ಲ."

"ನನಗೇನೂ ತಿಳೀಲಿಲ್ಲ" ಎಂದ ಮಾಸ್ಟರ್ ಗಾಬರಿಯಿಂದ. ವ್ರತ ಭಂಗವಾಯಿತು.

"ಹೌದಾ? ಸರಿ. ಹೃದಯದ ಎಡಗಡೆ ಕವಾಟಕ್ಕೆ ಮೂರು ದಳ."

ಅವನು ತುಟಿ ಕಚ್ಚಿ ಹೊಲಿದ. ನಾಲ್ಕು ಅಂಗುಲ ಹೊಲಿದ. ಪೆಡಲ್ ತಾನಾಗಿ ನಿಂತಿತು. "ಎರಡು," ಎಂದ. "ಮೂರು ಬಲಗಡೇದಕ್ಕೆ."

"ಕೆಲಸ ಹೋಯ್ತು" ಎಂದಳು ಹೆಂಡತಿ, ದಾರ ಕಚ್ಚಿ ಕತ್ತರಿಸುತ್ತ.

ಅಷ್ಟರಲ್ಲಿ ವಕೀಲರು ತಮ್ಮ ಕೋಟು ಒಯ್ಯಲು ಬಂದರು. ಇದ್ದ ಗಿರಾಕಿಯಾದರೂ ಉಳಿಯಲೆಂದು ಮಾಸ್ಟರ್ ತಾನೇ ಕೋಟು ತೊಡಿಸಿ, ಎದುರು ನಿಂತು ಭುಜ ಸವರಿದ. ವಕೀಲರು ಅಭ್ಯಾಸಬಲದಿಂದ ಪೆನ್ನನ್ನು ಎಡ ಎದೆಗೆ ಸಿಕ್ಕಿಸಿದರು. ಪೆನ್ನು ಜಾರಿ ನೆಲಕ್ಕೆ ಬಿತ್ತು. ಜೇಬು ಬಲಗಡೆಯಿತ್ತು.

ಮಾಸ್ಟರ್ ಬಗ್ಗಿ ಪೆನ್ನು ಎತ್ತಿಕೊಟ್ಟ. ಎದುರಿಗೆ ನಿಂತವರ ಎಡ ನಮ್ಮ ಬಲ, ಹೃದಯದ ಚಿತ್ರದಲ್ಲೂ ಹಾಗೆಯೇ, ಅಶುದ್ಧ ರಕ್ತ ಬರುವುದು ಒಂದು ಕಡೆಯಿಂದಾದರೆ ಶುದ್ಧ ರಕ್ತ ಹೋಗುವುದು ಇನ್ನೊಂದು ಕಡೆಯಿಂದ ಎಂದು ಒಂದೇ ಉಸಿರಿನಲ್ಲಿ ವಿವರಿಸಿದ. ವಕೀಲರು ಹುಬ್ಬು ಗಂಟಿಕ್ಕಿಕೊಂಡು ಪೂರ್ತಿ ಕೇಳಿದರು.

"ಒಂದಕ್ಷರ ತಿಳೀಲಿಲ್ಲ ಮಾಸ್ಟ್ರೇ" ಎಂದರು.

ಮಗಳ ಮುಖ ಅರಳಿತು. ಎದ್ದು, ತಾನು ಕೂತಿದ್ದ ಸ್ಟೂಲನ್ನು ಅಂಗೈಯಿಂದಲೇ ಒರೆಸಿ ಅವರತ್ತ ಸರಿಸಿದಳು. "ಕೂತ್ಕೊಳ್ಳಿ ಸಾರ್. ಜೇಬು ಬಿಚ್ಚಿ ಹೊಲಿಯೋವರೆಗೆ ನಾನು ಹೇಳ್ತೀನಿ."

ಮಾಸ್ಟರ್ ಬ್ಲೇಡು ಹಿಡಿದು ಜೇಬು ಬಿಚ್ಚತೊಡಗಿದ. ಮಗಳು ಒಂದು ಕಡೆ ತಡವರಿಸಿದಳು. ಉತ್ತರ ಅವನ ನಾಲಿಗೆಯ ತುದಿಗೆ ಬಂದು ಕುಣಿಯಿತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಡಬ್ಬಿಯಿಂದ ನಾಲ್ಕು ಗುಂಡುಸೂಜಿ ತೆಗೆದು, ಒಂದೊಂದಾಗಿ, ತುಟಿಗಳ ನಡುವೆ ಕಚ್ಚಿಕೊಂಡ.