ಬ್ಯಾಟರಿ ಕುಡಿದ ಕಳ್ಳ

“ಬಾರೆ ಇಲ್ಲಿ, ನೋಡು! ನಮ್ಮ ಬೈಕಿನ ಬ್ಯಾಟರಿ ಕುಡಿಯೋ ಕಳ್ಳ ಇನ್ನು ಬಚಾವಾಗಲ್ಲ!”

ಭಾನುವಾರ ಬೆಳಗ್ಗೆ ನಮ್ಮನೆಯವರು ಇಡೀ ಚಳ್ಳಕೆರೆಗೆ ಕೇಳುವಂತೆ ಕೂಗಿದರು. ಅಂಗಳದಲ್ಲಿ ಅವರ ಹೊಸ ಯಂತ್ರ ನಿಂತಿತ್ತು. ಹಳೇ ಮಿಕ್ಸಿಯ ಹೊಟ್ಟೆ, ಅದಕ್ಕೊಂದು ಮೀಟರಿನ ಮುಳ್ಳು, ತಲೆಯ ಮೇಲೆ ತರಕಾರಿ ಗಾಡಿಯವನ ಮೈಕು! ಹೆಸರು ‘ಸೋರಿಕೆ ಶೋಧಕ’ವಂತೆ.

ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎನ್ನಬೇಡಿ. ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಆದರೆ ಮಿಲ್ಲಿಗೆ ಹೋಗಲು ಬೈಕು ಸ್ಟಾರ್ಟ್ ಆಗಬೇಕಲ್ಲ! ರಾತ್ರಿ ಚೆನ್ನಾಗಿದ್ದ ಬೈಕು ಬೆಳಗ್ಗೆ ಕೆಮ್ಮಲೂ ತ್ರಾಣವಿಲ್ಲದೆ ನಿಂತಿರುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಅದೇ ಹಣೆಬರಹ. ನನಗೆ ರೋಸಿಹೋಗಿ, ಹತ್ತು ಗಂಟೆಗೆ ಬಾ ಎಂದು ಗುಜರಿಯವನಿಗೆ ಹೇಳಿಬಿಟ್ಟಿದ್ದೆ. ಮದುವೆಯಾದ ಹೊಸದರಲ್ಲಿ ಇದೇ ಬೈಕಿನಲ್ಲಿ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದೆವು. ನೆನೆದರೆ ನನಗೂ ಕರುಳು ಚುರ್ ಎನ್ನುತ್ತದೆ. ಆದರೆ ಎಷ್ಟು ದಿನ ಅಂತ ಸಹಿಸೋದು?

“ಗುಜರಿಯವನು ಬರೋದ್ರೊಳಗೆ ಕಳ್ಳ ಸಿಗಲಿಲ್ಲ ಅಂದ್ರೆ ಬೈಕು ಗುಜರಿಗೆ. ನೆನಪಿರಲಿ ರೀ!”

“ಸಿಗ್ತಾನೆ ಕಣೆ! ಒಂದೊಂದೇ ಫ್ಯೂಸ್ ಕೀಳ್ತೀನಿ. ಯಾವುದನ್ನ ಕಿತ್ತಾಗ ಮುಳ್ಳು ಇಳಿಯುತ್ತೋ, ಸೋರಿಕೆ ಅಲ್ಲೇ!”

ಹಾರ್ನಿನದು ಕಿತ್ತರು, ದೀಪದ್ದು ಕಿತ್ತರು, ಕೊನೆಗೆ ಕೀಳಲು ಏನೂ ಉಳಿಯಲಿಲ್ಲ. ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ!

“ಇದರ ಮೂಗು ಕಟ್ಟೈತೆ, ಸ್ವಲ್ಪ ಚುರುಕು ಮಾಡ್ತೀನಿ” ಎಂದು ತಿರುಪು ತಿರುಗಿಸಿದರು. ಅಷ್ಟೇ! ಯಂತ್ರ ಅವರನ್ನೂ ಎಳೆದುಕೊಂಡು ಅಡುಗೆಮನೆಗೆ ನುಗ್ಗಿತು. “ಕಳ್ಳ! ಕಳ್ಳ!” ಎಂದು ಮೈಕಿನಲ್ಲಿ ಅರಚುತ್ತಾ ಫ್ರಿಜ್ಜಿನ ಕರೆಂಟನ್ನೆಲ್ಲ ಹೀರಿತು. ಅಲ್ಲಿಂದಲೇ ಪಕ್ಕದ ಮನೆ ರುದ್ರಕ್ಕನ ಟಿವಿಗೂ ಬಾಯಿ ಹಾಕಿತು.

ರುದ್ರಕ್ಕ ಸೌಟು ಹಿಡಿದೇ ಓಡಿಬಂದರು. “ಏನಪ್ಪ ತಿಪ್ಪೇಸ್ವಾಮಿ ಇದು! ಅಲ್ಲಿ ಸೊಸೆ ಅತ್ತೆಗೆ ವಿಷ ಹಾಕಿ ಕೊಡ್ತಿದ್ಲು, ಅಷ್ಟ್ರಲ್ಲಿ ಟಿವಿ ಹೋಯ್ತು! ಕುಡಿದ್ಲೋ ಇಲ್ವೋ ನಂಗೆ ಯಾರು ಹೇಳ್ತಾರೆ?”

“ತಡೀರಿ ರುದ್ರಕ್ಕ, ಇನ್ನೇನು ಸಿಕ್ಕೇಬಿಟ್ಟ!”

ಆ ಹೊತ್ತಿಗೆ ನಮ್ಮತ್ತೆ ಮೆಣಸಿನಕಾಯಿ ಮೂಟೆ ಹೊತ್ತು ಮಹಡಿಯಿಂದ ಇಳಿದರು. ಯಂತ್ರ ಗಿರ್ರನೆ ತಿರುಗಿ ಅವರ ಸೆರಗು ಹಿಡಿಯಿತು. “ಕಳ್ಳ! ಕಳ್ಳ! ಕಳ್ಳ!”

“ಥೂ ನಿನ್ನ! ಹೆತ್ತ ತಾಯಿನೇ ಕಳ್ಳಿ ಅಂತೀಯೇನೋ?”

“ಅಮ್ಮಾ, ಬೈಕಿಗೆ ಏನು ಮಾಡ್ದೆ?”

“ಏನು ಮಾಡ್ಲಿ? ದಿನಾ ನಸುಕಿನಾಗೆ ಸೀಟು ಎತ್ತಿ, ಬ್ಯಾಟರಿ ತೊಳೆದು, ಮೈತುಂಬ ಅರಿಶಿನ ಕುಂಕುಮ ಬಳಿದು, ಮುಟ್ಟಿ ನಮಸ್ಕಾರ ಮಾಡ್ತೀನಿ. ಗಾಡಿ ಜೀವ ಅಲ್ಲೇ ಐತೆ ಅಂತ ನೀನೇ ಹೇಳಿದ್ದಲ್ಲೇನೋ! ಮಗ ಸುಖವಾಗಿ ಹೋಗಿ ಬರ್ಲಿ ಅಂತ ಬೇಡ್ಕಂಡೆ, ತಪ್ಪಾ?”

ನಮ್ಮನೆಯವರು ಹಣೆ ಚಚ್ಚಿಕೊಂಡರು. ಒದ್ದೆ ಕುಂಕುಮದ ಮೇಲೆ ಕರೆಂಟು ಸಲೀಸಾಗಿ ನಡೆದು ಹೋಗುತ್ತದಂತೆ. ಹೋದದ್ದೆಲ್ಲ ಅತ್ತೆಯ ಕೈಗೆ! ಆಗ ನನಗೆ ಹೊಳೆಯಿತು. ಗೋಡೆ ಹಿಡಿದು ನಡೆಯುತ್ತಿದ್ದವರು ಈಚೆಗೆ ಮೂಟೆ ಹೊತ್ತು ಮಹಡಿ ಹತ್ತುತ್ತಿದ್ದರು. ನಾವು ಕಷಾಯದ ಗುಣ ಅಂದುಕೊಂಡಿದ್ದೆವು!

“ಎಲ್ಲಾ ವಾಪಸ್ ತಗೋತೀನಿ!” ಎಂದು ಇವರು ಕೆಂಪು ಗುಂಡಿ ಒತ್ತಿದರು. ಬೈಕು ತಾನಾಗಿಯೇ ಡುಗುಡುಗು ಎಂದು ಶುರುವಾಯಿತು. ಅತ್ತೆ ಜಗಲಿಯ ಮೇಲೆ ಕುಸಿದರು.

“ಅಯ್ಯೋ, ನನ್ನ ಮಂಡಿ...”

ಇವರು ಒಮ್ಮೆ ಬೈಕಿನ ಕಡೆ ನೋಡಿದರು, ಒಮ್ಮೆ ಅಮ್ಮನ ಕಡೆ. “ಹೋಗ್ಲಿ ಬಿಡೆ, ನಡ್ಕೊಂಡು ಹೋಗ್ತೀನಿ” ಎಂದು ಕಣ್ಣೊರೆಸಿಕೊಂಡು ಯಂತ್ರವನ್ನು ಉಲ್ಟಾ ತಿರುಗಿಸಿದರು. ಬೈಕು ಕೊನೆಯುಸಿರೆಳೆಯಿತು. ಫ್ರಿಜ್ಜಿನದು, ಟಿವಿಯದು ಎಲ್ಲವೂ ಸೇರಿ ಅತ್ತೆಗೇ ಹೋಗಿ, ಯಂತ್ರ ಸುಟ್ಟು ಕರಕಲಾಯಿತು. ಅತ್ತೆ ಚಂಗನೆ ಎದ್ದು ನಿಂತರು!

ಅಷ್ಟರಲ್ಲಿ ಗುಜರಿಯವನು ಬಂದ. “ಗಾಡಿ ಎಲ್ಲೈತಮ್ಮ?”

“ಯಾವ ಗಾಡಿನೂ ಇಲ್ಲ, ಹೋಗಪ್ಪ! ಇದು ನಮ್ಮತ್ತೆ ಔಷಧಿ” ಎಂದು ನಾನೇ ಗೇಟು ಹಾಕಿದೆ.

ಈಗ ಇವರು ದಿನಾ ಬೈಕಿನ ಮೇಲೇ ಮಿಲ್ಲಿಗೆ ಹೋಗುತ್ತಾರೆ. ಸಂತೆ ದಿನ ಹಿಂದೆ ನಾನೂ ಕೂರುತ್ತೇನೆ. ಅತ್ತೆ ತಳ್ಳುತ್ತಾರೆ. ತಿರುವಿನಲ್ಲಿ ಒಂಚೂರು ನಿಧಾನ ತಳ್ಳಿ ಅಂದರೆ ಮಾತ್ರ ಕೇಳುವುದಿಲ್ಲ.